ಕಡತವೂ ಚುಕ್ಕಿಯ ಪುಸ್ತಕವೂ

೧

ಬಂಗಾರಪೇಟೆಯ ತಾಲ್ಲೂಕು ಕಛೇರಿಯಲ್ಲಾಗಲಿ, ಕರ್ನಾಟಕದ ಬೇರೆ ಯಾವ ಕಛೇರಿಯಲ್ಲಾಗಲಿ, ‘ಕಡತ’ವೆಂಬ ಮಾತು ದಿನಕ್ಕೆ ಹತ್ತಾರು ಬಾರಿ ಕಿವಿಗೆ ಬೀಳುವುದುಂಟು. ಕಡತವು ಮೇಲಕ್ಕೆ ಹೋಗಿದೆ, ಕಡತವು ಕೆಳಕ್ಕೆ ಬಂದಿಲ್ಲ, ಕಡತವೇ ಸಿಕ್ಕುತ್ತಿಲ್ಲ ಎಂದು ಜನರು ಆಡಿಕೊಳ್ಳುವಾಗ ಅವರ ಮನಸ್ಸಿನಲ್ಲಿರುವುದು ದಾರದಿಂದ ಬಿಗಿದ ಕಾಗದಗಳ ಕಟ್ಟು. ಆದರೆ ಇನ್ನೂರು ವರ್ಷಗಳ ಹಿಂದೆ ಇದೇ ಕೋಲಾರ ಸೀಮೆಯಲ್ಲಿ ಕಡತವೆಂದರೆ ಕಾಗದಕ್ಕೆ ಸಂಬಂಧಪಟ್ಟ ವಸ್ತುವೇ ಆಗಿರಲಿಲ್ಲ. ಅದು ಬಟ್ಟೆಯಿಂದ ಮಾಡಿದ ಕರಿಯ ಪುಸ್ತಕ. ಬರೆದು, ಒರೆಸಿ, ಮತ್ತೆ ಬರೆಯಬಹುದಾದ ಪುಸ್ತಕ. ವಸ್ತುವು ಬಳಕೆ ತಪ್ಪಿ ಹೋದರೂ ಹೆಸರು ಮಾತ್ರ ಉಳಿದುಕೊಂಡು, ಬೇರೊಂದು ವಸ್ತುವಿಗೆ ಅಂಟಿಕೊಂಡಿತು. ಅಲ್ಪ ವೆಚ್ಚದಲ್ಲಿ ಅಂದವಾದ ದಿನಚರಿಯನ್ನು ಇಟ್ಟುಕೊಳ್ಳಬೇಕೆಂಬ ಬಯಕೆ ಈ ಕಾಲದ ಎಳೆಯರಲ್ಲಿ ಹೊಸದಾಗಿ ಹುಟ್ಟಿದುದೆಂದು ತಿಳಿಯುವವರಿಗೆ ಈ ಹಳೆಯ ಪುಸ್ತಕದ ಕಥೆಯು ಪ್ರಯೋಜನಕರವಾಗಬಹುದು.

ಕಡತವನ್ನು ಮಾಡುವ ಕ್ರಮವು ಸುಲಭವಾದುದು. ಹುಣಿಸೆಯ ಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಬೇಯಿಸಿ ಸರಿಯನ್ನು ಮಾಡುವರು. ಈ ಸರಿಗೆ ಇದ್ದಿಲಿನ ನುಣ್ಣನೆಯ ಪುಡಿಯನ್ನು ಕಲಸಿ ಹತ್ತಿಯ ಬಟ್ಟೆಯ ಎರಡು ಮಗ್ಗುಲಿಗೂ ಬಳಿದು ಚೆನ್ನಾಗಿ ಒಣಗಿಸುವರು. ಬಟ್ಟೆಯ ಅಗಲವು ಎಂಟು ಅಂಗುಲದಿಂದ ಒಂದು ಅಡಿಯವರೆಗೆ, ಉದ್ದವು ಹನ್ನೆರಡರಿಂದ ಹದಿನೆಂಟು ಅಡಿಗಳವರೆಗೆ ಇರುತ್ತಿದ್ದಿತು. ಒಣಗಿದ ಬಟ್ಟೆಯನ್ನು ಕತ್ತರಿಸದೆಯೇ ಸಮನಾದ ಮಡಿಕೆಗಳಾಗಿ ಮಡಿಸಿದರೆ ಪುಸ್ತಕವು ಸಿದ್ಧವಾಯಿತು. ಅದನ್ನು ಯಾವ ಕಡೆಯಿಂದಲಾದರೂ ತೆರೆಯಬಹುದು. ಬಿಡಿಸಿ ಎಳೆದರೆ ಮೊದಲಿನ ಉದ್ದನೆಯ ಪಟ್ಟಿಯೇ ಆಗುವುದು. ಬರೆಯುವುದಕ್ಕೆ ಮೆತುವಾದ ಬಳಪದ ಕಲ್ಲಿನ ಕಡ್ಡಿ. ಕರಿಯ ನೆಲದ ಮೇಲೆ ಬಿಳಿಯ ಅಕ್ಷರಗಳು ಮೂಡುವುವು. ಬೇಡವಾದಾಗ ಒದ್ದೆಯ ಬಟ್ಟೆಯಿಂದ ಒರೆಸಿದರೆ ಅಳಿಯುವುವು.

ಇದಕ್ಕೆ ತಗಲುವ ವೆಚ್ಚವನ್ನು ಎಣಿಸಿ ನೋಡಬೇಕು. ಹುಣಿಸೆಯ ಮರಗಳಿಗೆ ಕೋಲಾರ ಸೀಮೆಯಲ್ಲಿ ಎಂದೂ ಕೊರತೆಯಿಲ್ಲ. ಹಣ್ಣನ್ನು ಕುಟ್ಟಿದಾಗ ಬೀಜವು ಮನೆಯಂಗಳದಲ್ಲಿಯೇ ರಾಶಿ ಬೀಳುವುದು. ಇದ್ದಿಲು ಒಲೆಯಿಂದ ದೊರೆಯುವುದು. ಬಟ್ಟೆಯು ನೇಕಾರನಿಂದ ಬರುವುದು. ಅದೊಂದೇ ಹಣ ಕೊಟ್ಟು ತರುವ ಸಾಮಗ್ರಿ. ಮನೆಯಲ್ಲಿ ಬಿಸಾಡುವ ಎರಡು ಪದಾರ್ಥಗಳಿಂದ ವರ್ಷಾನುಗಟ್ಟಲೆ ಬಾಳುವ ಪುಸ್ತಕವು ಹುಟ್ಟುತ್ತಿದ್ದಿತು.

ಅಗ್ಗದ ಪುಸ್ತಕವೆಂದು ಅದನ್ನು ಯಾರೂ ಅಂದಗೆಡಿಸಿ ಇಡುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಕಂಪೆನಿಯ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಎಂಬಾತನು ೧೮೧೦ರಲ್ಲಿ ಪ್ರಕಟಿಸಿದ ತನ್ನ ಇತಿಹಾಸ ಗ್ರಂಥದ ಮೊದಲನೆಯ ಸಂಪುಟದಲ್ಲಿ ಕಡತವನ್ನು ವಿವರವಾಗಿ ವರ್ಣಿಸಿದ್ದಾನೆ. ಮೇಲೆ ಹೇಳಿದ ಅಳತೆಗಳು ಆತನು ಕೊಟ್ಟವುಗಳೇ. ಉಳ್ಳವರ ಕಡತಕ್ಕೆ ಎರಡು ತುದಿಗಳಲ್ಲಿಯೂ ಬಣ್ಣ ಬಳಿದು ಮೆರುಗು ಕೊಟ್ಟ ಚಿತ್ರದ ಹಲಗೆಗಳಿರುತ್ತಿದ್ದುವು. ರೇಷ್ಮೆಯ ಅಥವಾ ಹತ್ತಿಯ ಚೀಲ, ಕಟ್ಟುವುದಕ್ಕೆ ಪಟ್ಟಿ ಇರುತ್ತಿದ್ದುವು. ಬಡವರ ಕಡತಕ್ಕೆ ಈ ಅಲಂಕಾರಗಳಾವುವೂ ಇಲ್ಲ. ಒಂದು ಸಾಮಾನ್ಯ ದಾರವೇ ಕಟ್ಟು. ಆದರೆ ಒಳಗಿನ ಕರಿಯ ಬಟ್ಟೆಯೂ ಬಿಳಿಯ ಬಳಪವೂ ಇಬ್ಬರಿಗೂ ಒಂದೇ ಎಂಬುದು ಗಮನಿಸಬೇಕಾದ ಸಂಗತಿ.

೨

ಇಂತಹ ಪುಸ್ತಕವು ಏಕೆ ಬೇಕಾಯಿತೆಂಬ ಪ್ರಶ್ನೆಗೆ ಉತ್ತರವು ಕಾಗದದ ಬೆಲೆಯಲ್ಲಿದೆ. ಯಂತ್ರದ ಕಾಗದವು ಬರುವುದಕ್ಕೆ ಮೊದಲು ಕಾಗದವು ಎಲ್ಲ ದೇಶಗಳಲ್ಲಿಯೂ ದುಬಾರಿಯಾದ ಪದಾರ್ಥವಾಗಿದ್ದಿತು. ೧೬೨೩ರಲ್ಲಿ ಇಕ್ಕೇರಿಯ ನಾಯಕರ ರಾಜ್ಯಕ್ಕೆ ಬಂದ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿಯು ಘಟ್ಟದ ದಾರಿಯಲ್ಲಿ ಒಂದು ಗುಡಿಯ ಜಗಲಿಯ ಮೇಲೆ ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಕಂಡನು. ನೆಲದ ಮೇಲೆ ನುಣ್ಣನೆಯ ಮರಳನ್ನು ಹರಡಿ, ಪಾಠವನ್ನು ರಾಗವಾಗಿ ಹೇಳಿಕೊಳ್ಳುತ್ತ, ಬೆರಳಿನಿಂದ ಅದರ ಮೇಲೆ ಬರೆಯುತ್ತಿದ್ದರು. ತುಂಬಿದ ಮೇಲೆ ಹೊಸ ಮರಳನ್ನು ಹರಡುತ್ತಿದ್ದರು. ಕಾಗದವು ವ್ಯಯವಾಗಬಾರದೆಂದು ಹೀಗೆ ಮಾಡುತ್ತಾರೆಂದು ಆತನು ತಿಳಿದುಕೊಂಡನು. ಮರಳಿನ ಮೇಲೆ ಬರೆದುದು ಆ ಗಳಿಗೆಗೆ ಮಾತ್ರ. ಹಲಗೆಯ ಮೇಲೆ ಬರೆದುದು ಒಂದು ದಿನಕ್ಕೆ. ಕಡತದಲ್ಲಿ ಬರೆದುದು ಬರೆದವನು ಬೇಕೆಂದಷ್ಟು ಕಾಲಕ್ಕೆ. ಕುಮಾರವ್ಯಾಸನು ಹಲಗೆ ಬಳಪಗಳ ನೆರವಿಲ್ಲದೆಯೇ ಕಾವ್ಯವನ್ನು ರಚಿಸಿದುದು ತನ್ನ ಹೆಚ್ಚುಗಾರಿಕೆಯೆಂದು ಹೇಳಿಕೊಂಡಿರುವುದು ವಾಚಕರೆಲ್ಲರೂ ಬಲ್ಲ ವಿಷಯ. ಸಾಮಾನ್ಯರಾದ ಕವಿಗಳು ಮೊದಲು ಹಲಗೆಯ ಮೇಲೆ ಬರೆದು, ತಿದ್ದಿ, ಬಳಿಕ ಓಲೆಗೆ ಇಳಿಸುತ್ತಿದ್ದರೆಂಬುದು ಆ ಮಾತಿನಿಂದಲೇ ವ್ಯಕ್ತವಾಗುತ್ತದೆ.

ಬಟ್ಟೆಯ ಮೇಲೆ ಬರೆಯುವ ಪದ್ಧತಿಯು ಈ ದೇಶದಲ್ಲಿ ಬಹು ಪುರಾತನವಾದುದು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಅಲೆಕ್ಸಾಂಡರನ ನೌಕಾಧಿಪತಿಯಾಗಿದ್ದ ನಿಯಾರ್ಕಸನು, ಹಿಂದೂದೇಶದ ಜನರು ಒತ್ತಾಗಿ ಬಡಿದ ಬಟ್ಟೆಯ ಮೇಲೆ ಪತ್ರಗಳನ್ನು ಬರೆಯುತ್ತಾರೆಂದು ಹೇಳಿದನೆಂಬುದಾಗಿ ಸ್ಟ್ರಾಬೋ ದಾಖಲಿಸಿದ್ದಾನೆ. ಅಳಿಸಿ ಬರೆಯುವ ಪುಸ್ತಕವೂ ಕನ್ನಡಿಗರಿಗೆ ಮಾತ್ರ ಮೀಸಲಾದುದಲ್ಲ. ರೋಮಿನವರು ಮೇಣ ಬಳಿದ ಹಲಗೆಗಳ ಮೇಲೆ ಗೀಚಿ, ಮೇಣವನ್ನು ಸವರಿ, ಮತ್ತೆ ಬರೆಯುತ್ತಿದ್ದರು. ಹದಿನಾರು ಹದಿನೇಳನೆಯ ಶತಮಾನಗಳ ಇಂಗ್ಲೆಂಡಿನಲ್ಲಿ ಸುಣ್ಣದಂತಹ ಲೇಪವುಳ್ಳ ಹಾಳೆಗಳ ಪುಟ್ಟ ಪುಸ್ತಕಗಳನ್ನು ಜನರು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಷೇಕ್ಸ್‌ಪಿಯರ್ ಮಹಾಕವಿಯ ಹ್ಯಾಮ್ಲೆಟ್ ರಾಜಕುಮಾರನು ತನ್ನ ನೆನಪಿನ ಹಲಗೆಯನ್ನು ಒರೆಸಿಬಿಡುವೆನೆಂದು ಹೇಳುವಾಗ ಆ ಕಾಲದ ಪ್ರೇಕ್ಷಕರಿಗೆ ಇಂತಹ ಪುಸ್ತಕವೇ ಕಣ್ಣಿಗೆ ಕಟ್ಟುತ್ತಿದ್ದಿರಬೇಕು.

೩

ಅಳಿಸಬಹುದಾದ ಲೆಕ್ಕವನ್ನು ನಂಬುವುದು ಹೇಗೆ? ಈ ಸಂದೇಹವು ಸಹಜವಾದುದು. ಅದು ಒಬ್ಬ ದೊರೆಯ ಮನಸ್ಸಿನಲ್ಲಿಯೂ ಮೂಡಿದ್ದಿತು. ಈಗಿನ ಬಂಗಾರಪೇಟೆ ತಾಲ್ಲೂಕಿಗೆ ಸೇರಿದ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯು ಓದುಬರಹವನ್ನು ಅರಿಯದವನು. ರಾಜ್ಯದ ವಿಷಯಗಳನ್ನೆಲ್ಲ ನೆನಪಿನಲ್ಲಿಯೇ ಇಟ್ಟುಕೊಂಡು, ಹಲವರ ಮಾತುಗಳನ್ನು ಏಕಕಾಲದಲ್ಲಿ ಕೇಳಿ ಅಪ್ಪಣೆ ಕೊಡುವಷ್ಟು ಧಾರಣಶಕ್ತಿಯುಳ್ಳವನೆಂದು ಪ್ರಸಿದ್ಧನಾಗಿದ್ದನು. ಅವನ ಮಗ ಟಿಪ್ಪೂ ಸುಲ್ತಾನನಾದರೋ ಬರೆಹದಲ್ಲಿ ಆಸಕ್ತನು. ಅವನು ಸರ್ಕಾರದ ಲೆಕ್ಕಗಳನ್ನು ಕಡತದಲ್ಲಿ ಬರೆಯಕೂಡದೆಂದು ನಿಷೇಧಿಸಿದನು. ಅವನ ಕಂದಾಯದ ಕಟ್ಟಳೆಗಳನ್ನು ೧೭೯೨ರಲ್ಲಿ ಇಂಗ್ಲಿಷಿಗೆ ಪರಿವರ್ತಿಸಿದ ಕ್ರಿಸ್ಪ್ ಎಂಬಾತನಿಗೆ ಕಡತವೆಂದರೇನೆಂದು ತಿಳಿಯದೆ ಅದನ್ನು ತಾಳೆಯ ಓಲೆಯೆಂದು ಊಹಿಸಿದನು. ಆ ತಪ್ಪನ್ನು ವಿಲ್ಕ್ಸನು ತಿದ್ದಬೇಕಾಯಿತು.

ಸುಲ್ತಾನನ ನಿಷೇಧದಿಂದ ಕಡತವು ಮಾಯವಾಗಲಿಲ್ಲ. ವಿಲ್ಕ್ಸನ ಕಾಲದಲ್ಲಿ ಮೈಸೂರು ಸೀಮೆಯ ವರ್ತಕರೂ ಅಂಗಡಿಯವರೂ ಎಲ್ಲೆಡೆಯಲ್ಲಿಯೂ ಅದನ್ನೇ ಬಳಸುತ್ತಿದ್ದರು. ಒಬ್ಬ ವರ್ತಕನ ಕಡತದಲ್ಲಿ ಸಾಕ್ಷಿಗಳ ಸಹಿತವಾಗಿ ಬರೆದ ಸಾಲಪತ್ರವನ್ನು ನ್ಯಾಯವಿಚಾರಣೆಯಲ್ಲಿ ಹಾಜರು ಮಾಡಿದುದನ್ನೂ, ಅದನ್ನು ಪುರಾವೆಯಾಗಿ ಅಂಗೀಕರಿಸಿದುದನ್ನೂ ಆತನು ಕಣ್ಣಾರೆ ಕಂಡಿದ್ದನು. ಇದಕ್ಕಿಂತಲೂ ಆಶ್ಚರ್ಯಕರವಾದ ಇನ್ನೊಂದು ಅಭಿಪ್ರಾಯವನ್ನು ಆತನು ಕೊಟ್ಟಿದ್ದಾನೆ: ಶಿಲೆ ತಾಮ್ರಗಳನ್ನು ಬಿಟ್ಟರೆ ಹಿಂದೂದೇಶದ ಬರೆಹದ ಸಾಮಗ್ರಿಗಳಲ್ಲಿ ಕಡತದಷ್ಟು ಬಾಳಿಕೆಯುಳ್ಳುದು ಮತ್ತಾವುದೂ ಇಲ್ಲ, ಉತ್ತಮವಾದ ಕಾಗದವೂ ಅದಕ್ಕೆ ಸರಿಯಲ್ಲ. ಈ ಮಾತಿಗೆ ಒಂದು ಶತಮಾನದ ಬಳಿಕ ಸಮರ್ಥನೆ ದೊರೆಯಿತು. ಆರ್. ನರಸಿಂಹಾಚಾರ್ಯರು ಮೈಸೂರು ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದಾಗ ಹೊರಬಂದ ೧೯೧೬ರ ವರದಿಯಲ್ಲಿ ಶೃಂಗೇರಿ ಮಠದ ಕಡತಗಳ ವಿಚಾರವಿದೆ. ಮಠದ ಲೆಕ್ಕಪತ್ರಗಳೂ ಶಾಸನಗಳ ನಕಲುಗಳೂ ಅವುಗಳಲ್ಲಿದ್ದುವು. ಕೆಲವು ಕಡತಗಳು ಮುನ್ನೂರು ವರ್ಷಗಳಷ್ಟು ಹಳೆಯವು. ಕೈಯಿಂದ ಒರೆಸಿದರೆ ಅಳಿಯುವ ಬರೆಹವು ಮೂರು ಶತಮಾನಗಳವರೆಗೆ ಉಳಿದುದು, ಅದನ್ನು ಒರೆಸಬಾರದೆಂದು ತಲೆಮಾರುಗಳ ಜನರು ಎಣಿಸಿ ಕಾಪಾಡಿದುದರಿಂದ.

ಕೋಲಾರ ಸೀಮೆಯ ಮನೆಗಳ ಕಡತಗಳಿಗೆ ಅಂತಹ ಭಾಗ್ಯವು ದೊರೆಯಲಿಲ್ಲ. ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟದಲ್ಲಿ ಕೋಲಾರ ಜಿಲ್ಲೆಯ ಶಾಸನಗಳಿವೆ. ಬೌರಿಂಗ್‌ಪೇಟೆ ತಾಲ್ಲೂಕಿನ ಕಲ್ಲುಗಳೂ ಅದರಲ್ಲಿ ಸೇರಿವೆ. ಗಂಗರು, ಚೋಳರು, ವಿಜಯನಗರದವರು ಕೊಟ್ಟ ದತ್ತಿಗಳನ್ನೂ, ಊರಿಗಾಗಿ ಮಡಿದ ವೀರರ ಹೆಸರುಗಳನ್ನೂ ಅದರಿಂದ ತಿಳಿಯಬಹುದು. ಆದರೆ ಒಂದು ಸಾಮಾನ್ಯ ಮನೆಯಲ್ಲಿ ಆ ತಿಂಗಳು ರಾಗಿ ಎಷ್ಟು ಖರ್ಚಾಯಿತು, ಯಾರಿಗೆ ಎಷ್ಟು ಕೈಗಡ ಕೊಟ್ಟಿತು, ಮಗಳ ಮದುವೆಗೆ ಯಾರು ಯಾರು ಮುಯ್ಯಿ ಮಾಡಿದರು ಎಂಬುದು ಕಲ್ಲಿನ ಮೇಲೆ ಇಲ್ಲ. ಅದನ್ನು ಬಲ್ಲುದು ಕಡತ; ಲೆಕ್ಕ ತೀರಿದೊಡನೆ ಅದನ್ನು ಒರೆಸಿದರು. ಮಿತವ್ಯಯದ ಈ ಪುಸ್ತಕಕ್ಕೆ ಇತಿಹಾಸವು ತೆತ್ತ ಬೆಲೆ ಇದು.

೪

ಕಾಗದದ ಕಾಲವು ಈ ಸೀಮೆಗೆ ರೈಲಿನೊಡನೆ ವೇಗವಾಗಿ ಬಂದಿತು. ೧೮೬೪ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲು ಮಾರ್ಗವು ತೆರೆಯಿತು. ಆಗಿನ ಕಮಿಷನರ್ ಲ್ಯೂಯಿನ್ ಬೌರಿಂಗನ ಹೆಸರನ್ನು ಹೊತ್ತ ಪೇಟೆಯು ನಿಲ್ದಾಣದ ಸುತ್ತ ಬೆಳೆದು, ಬೇತಮಂಗಲದಲ್ಲಿದ್ದ ತಾಲ್ಲೂಕಿನ ಮುಖ್ಯಸ್ಥಾನವನ್ನು ತನ್ನೆಡೆಗೆ ಸೆಳೆದುಕೊಂಡಿತು; ಅದೇ ಈಗಿನ ಬಂಗಾರಪೇಟೆ. ೧೮೭೩ರಲ್ಲಿ ಮೈಕೇಲ್ ಲಾವೆಲ್ ಎಂಬ ಐರಿಷ್ ಸಿಪಾಯಿಯು ಚಿನ್ನವನ್ನು ತೆಗೆಯಲು ಅನುಮತಿಯನ್ನು ಬೇಡಿದನು. ೧೮೮೦ರಲ್ಲಿ ಲಂಡನ್ನಿನ ಜಾನ್ ಟೇಲರ್ ಸಂಸ್ಥೆಯವರು ಕೈಯಿಟ್ಟ ಬಳಿಕ ಗಣಿಗಳು ಏಳಿಗೆಗೆ ಬಂದುವು. ೧೮೯೪ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂವರೆಗೆ ಕವಲು ರೈಲು ಹಾಕಿದರು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗಳಿಗೆ ಮುಟ್ಟಿತು.

ಇವುಗಳೊಡನೆ ಅಚ್ಚಾದ ಗೆರೆಗಳುಳ್ಳ ಪುಸ್ತಕಗಳು ಬಂದುವು: ಹಾಜರಿಯ ಪುಸ್ತಕ, ಸಂಬಳದ ಪುಸ್ತಕ, ಉಗ್ರಾಣದ ಪುಸ್ತಕ. ಕಂಪೆನಿಗಳ ಅಂತಿಮ ಲೆಕ್ಕವು ಲಂಡನ್ನಿನ ಪಾಲುದಾರರಿಗೆ ಔನ್ಸು ಪೌಂಡುಗಳಲ್ಲಿ ಸಲ್ಲುತ್ತಿದ್ದಿತು. ಉತ್ತರ ಆರ್ಕಾಡು, ಸೇಲಂ, ಚಿತ್ತೂರು ಸೀಮೆಗಳಿಂದಲೂ ನೆರೆಯ ಹಳ್ಳಿಗಳಿಂದಲೂ ಬಂದು ನೆಲದೊಳಗೆ ಇಳಿದ ಕೂಲಿಯವರಲ್ಲಿ ಬಹುಮಂದಿಗೆ ಆ ಪುಸ್ತಕಗಳನ್ನು ಓದಲು ಬಾರದು. ಹಳ್ಳಿಯ ಅಂಗಡಿಯಲ್ಲಿ ಕಡತದ ಲೆಕ್ಕವನ್ನು ಸಾಲಗಾರನ ಎದುರಿಗೆ ಬರೆದು ಗಟ್ಟಿಯಾಗಿ ಓದಿ ಹೇಳಬಹುದಾಗಿತ್ತು. ಗಣಿಯಲ್ಲಿಯಾದರೋ ತನ್ನ ದುಡಿಮೆಯ ಲೆಕ್ಕವು ತನ್ನದಲ್ಲದ ಭಾಷೆಯಲ್ಲಿ, ತನ್ನ ಕೈಗೆ ಎಟುಕದ ಕೊಠಡಿಯಲ್ಲಿ ಉಳಿಯಿತು. ೧೯೩೦ರಲ್ಲಿ ಕೂಲಿಗಾರರ ಬೆರಳಚ್ಚನ್ನು ದಾಖಲೆ ಮಾಡಿಕೊಳ್ಳುವ ಏರ್ಪಾಡು ನಡೆದಾಗ ಅವರು ಕೆಲಸವನ್ನು ನಿಲ್ಲಿಸಿ ಪ್ರತಿಭಟಿಸಿದರು. ಆ ಮುಷ್ಕರವು ಹೊಟ್ಟೆಯ ಕಾರಣದಿಂದ ಹುಟ್ಟಿದುದಲ್ಲ. ಇನ್ನೊಬ್ಬರ ಪುಸ್ತಕದಲ್ಲಿ ತಾನು ಯಾವ ರೀತಿಯಲ್ಲಿ ದಾಖಲಾಗಬೇಕೆಂಬುದನ್ನು ಕುರಿತು ಹುಟ್ಟಿದುದು. ಅಪರಾಧಿಗಳಿಂದ ತೆಗೆದುಕೊಳ್ಳುವಂತಹ ಗುರುತನ್ನು ಕೊಡಲು ದುಡಿಯುವವನ ಮಾನವು ಒಪ್ಪಲಿಲ್ಲ.

೫

ಗಂಡಸರ ಲೆಕ್ಕವು ಹೀಗೆ ಕಂಪೆನಿಯ ಪುಸ್ತಕವನ್ನು ಸೇರಿದ ಕಾಲದಲ್ಲಿ, ಅದೇ ಗಣಿಯ ಸಾಲುಮನೆಗಳ ಹೊಸಿಲಿನಲ್ಲಿ ಇನ್ನೊಂದು ಬರೆಹವು ನಡೆದೇ ಇದ್ದಿತು. ಹೆಂಗಸರು ಮುಂಜಾನೆ ನೆಲವನ್ನು ಸಾರಿಸಿ ಚುಕ್ಕಿಗಳನ್ನಿಟ್ಟು ರಂಗೋಲಿಯನ್ನು ಎಳೆಯುವರು. ಕನ್ನಡದವರು ಅದನ್ನು ರಂಗೋಲಿಯೆಂದೂ, ತಮಿಳರು ಕೋಲಂ ಎಂದೂ, ತೆಲುಗರು ಮುಗ್ಗು ಎಂದೂ ಕರೆಯುವರು; ಈ ಮೂರು ಹೆಸರುಗಳೂ ಒಂದೇ ಬೀದಿಯಲ್ಲಿ ಕೇಳಿಬರುವ ಊರು ಕೋಲಾರದ ಚಿನ್ನದ ಗಣಿ. ಕಡತದಂತೆಯೇ ಇದೂ ಕಪ್ಪುನೆಲದ ಮೇಲಿನ ಬಿಳಿಯ ಬರೆಹ. ಕಡತದಂತೆಯೇ ಇದೂ ಅಳಿಯುವುದಕ್ಕಾಗಿಯೇ ಬರೆದುದು. ಸಂಜೆಯ ಹೊತ್ತಿಗೆ ಕಾಲುಗಳಿಗೆ ಸಿಕ್ಕಿ ಮಾಸುವುದು, ಮರುದಿನ ಹೊಸದು ಮೂಡುವುದು. ವೆಚ್ಚವು ಒಂದು ಹಿಡಿ ಅಕ್ಕಿಯ ಹಿಟ್ಟು ಅಥವಾ ಬಿಳಿಯ ಕಲ್ಲಿನ ಪುಡಿ.

ನೆಲದ ಮೇಲಿನ ಚಿತ್ರವು ಅಳಿದರೂ ಅದರ ಮಾದರಿಯು ಅಳಿಯಬಾರದೆಂದು ಹೆಣ್ಣುಮಕ್ಕಳು ಪುಸ್ತಕವನ್ನು ಇಟ್ಟರು. ಆ ಪುಸ್ತಕವನ್ನು ಅಂಗಡಿಯಿಂದ ಕೊಂಡು ತರುವುದು ಅಪರೂಪ. ಶಾಲೆಯ ವರ್ಷವು ಮುಗಿದಾಗ ಮಕ್ಕಳ ಪುಸ್ತಕಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಬಿಡಿಸಿ, ಜೋಡಿಸಿ, ದಬ್ಬಳದಿಂದ ಹೊಲಿದರೆ ಒಂದು ಪುಸ್ತಕ. ಹಳೆಯ ವರ್ಷದ ಡೈರಿ, ಕ್ಯಾಲೆಂಡರಿನ ಬೆನ್ನು, ಮದುವೆಯ ಕರೆಯೋಲೆಯ ಬರಿಯ ಮಗ್ಗುಲು ಇವೂ ಬರುವುವು. ರಟ್ಟಿಗೆ ಹಳೆಯ ಸೀರೆಯ ತುಂಡು. ಹೊಸ ಪುಸ್ತಕದ ನಾಲ್ಕು ಮೂಲೆಗಳಿಗೂ ಅರಿಸಿನವನ್ನು ಹಚ್ಚಿ, ಮೊದಲ ಪುಟದ ಮೇಲೆ ‘ಶ್ರೀ’ಕಾರವನ್ನು ಬರೆಯುವುದುಂಟು, ದೀಪಾವಳಿಯಲ್ಲಿ ವರ್ತಕರು ಹೊಸ ಖಾತೆಗೆ ಮಾಡುವ ಪೂಜೆಯೂ ಇದೇ ಬಗೆಯದು. ಕಾಸಿನ ವೆಚ್ಚವಿಲ್ಲದ ಈ ಅಲಂಕಾರವು ಪುಸ್ತಕಕ್ಕೆ ಅಂದವನ್ನೂ ಗೌರವವನ್ನೂ ಒಟ್ಟಿಗೆ ಕೊಡುತ್ತದೆ.

ಆ ಪುಟಗಳಲ್ಲಿ ಚಿತ್ರದ ಪಕ್ಕದಲ್ಲಿ ಲೆಕ್ಕವೂ ಇರುವುದು. ‘ಸಂದು ಚುಕ್ಕಿ, ೧೫ರಿಂದ ೮’ ಎಂದು ಬರೆದಿದ್ದರೆ, ನಡುವಣ ಸಾಲಿನಲ್ಲಿ ಹದಿನೈದು ಚುಕ್ಕಿಗಳು. ಮೇಲೆಯೂ ಕೆಳಗೆಯೂ ಒಂದೊಂದೇ ಕಡಿಮೆಯಾಗುತ್ತ, ಎರಡು ಚುಕ್ಕಿಗಳ ಸಂದಿಗೆ ಒಂದರಂತೆ ಎಂಟರವರೆಗೆ. ಒಟ್ಟು ೧೬೯ ಚುಕ್ಕಿಗಳು. ಹೊರಗಿನ ಆಕಾರವು ಆರು ಮೂಲೆಗಳದು. ‘ನೇರ ಚುಕ್ಕಿ, ೧೫ರಿಂದ ೧’ ಎಂದರೆ ಎರಡೆರಡು ಕಡಿಮೆಯಾಗುತ್ತ ಒಂದಕ್ಕೆ ಮುಗಿದು, ಒಟ್ಟು ೧೧೩ ಚುಕ್ಕಿಗಳಾಗಿ ವಜ್ರದ ಆಕಾರವು ಮೂಡುವುದು. ಶಾಲೆಯ ಮುಖವನ್ನು ಕಾಣದ ಹೆಂಗಸೂ ಈ ಎಣಿಕೆಯಲ್ಲಿ ತಪ್ಪುವುದಿಲ್ಲ. ಅದೇ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಹಾಲಿನ ಲೆಕ್ಕ, ಚೀಟಿಯ ಕಂತು, ಉಪ್ಪಿನಕಾಯಿಯ ಅಳತೆ, ನೆಂಟರ ಮಕ್ಕಳು ಹುಟ್ಟಿದ ನಕ್ಷತ್ರ ಎಲ್ಲವೂ ಸೇರಿಕೊಳ್ಳುವುವು.

೬

೨೦೧೩ರಲ್ಲಿ ಅಮೆರಿಕಾದ ರೈಡರ್ ಕ್ಯಾರಲ್ ಎಂಬಾತನು ದಿನಚರಿಯನ್ನು ಇಡುವ ಒಂದು ಕ್ರಮವನ್ನು ಲೋಕಕ್ಕೆ ತಿಳಿಸಿದನು. ‘ಬುಲೆಟ್ ಜರ್ನಲ್’ ಎಂದು ಅದರ ಹೆಸರು. ಬುಲೆಟ್ ಎಂದರೆ ಇಲ್ಲಿ ಗುಂಡಲ್ಲ, ಸಾಲಿನ ಮೊದಲಿಗೆ ಇಡುವ ಚುಕ್ಕಿ. ಮಾಡಬೇಕಾದ ಕೆಲಸಕ್ಕೆ ಒಂದು ಚುಕ್ಕಿ, ನಡೆದ ಸಂಗತಿಗೆ ಒಂದು ಸೊನ್ನೆ, ಟಿಪ್ಪಣಿಗೆ ಒಂದು ಗೆರೆ. ತಿಂಗಳ ಕೊನೆಯಲ್ಲಿ ಹಳೆಯ ಪುಟಗಳನ್ನು ತಿರುವಿ, ಮುಗಿಯದ ಕೆಲಸಗಳಲ್ಲಿ ನಿಜವಾಗಿ ಬೇಕಾದುದನ್ನು ಮಾತ್ರ ಹೊಸ ತಿಂಗಳಿಗೆ ಕೈಯಾರೆ ಎತ್ತಿ ಬರೆಯುವುದು ಈ ಕ್ರಮದ ಜೀವಾಳ. ಬಳಿಕ ಬಂದವರು ಇದಕ್ಕೆ ಚಿತ್ರ, ಬಣ್ಣ, ಬಳ್ಳಿಗಳನ್ನು ಸೇರಿಸಿದರು. ಗೆರೆಯ ಬದಲು ಚುಕ್ಕಿಗಳನ್ನು ಅಚ್ಚುಮಾಡಿದ ಬೆಲೆಯುಳ್ಳ ಪುಸ್ತಕಗಳೂ ಬಗೆಬಗೆಯ ಲೇಖನಿಗಳೂ ಮಾರಾಟಕ್ಕೆ ಬಂದುವು. ಅವು ಇಲ್ಲದೆ ಅಂದವಾದ ದಿನಚರಿಯು ಸಾಧ್ಯವಿಲ್ಲವೆಂದು ಎಷ್ಟೋ ಮಂದಿ ಎಳೆಯರು ಕೈಬಿಡುವುದೂ ಉಂಟು.

ಕೋಲಾರ ಸೀಮೆಯ ಹಳೆಯ ಬಾಳನ್ನು ಬಲ್ಲವರಿಗೆ ಇದರಲ್ಲಿ ಅಪರಿಚಿತವಾದುದು ಬಹಳವಿಲ್ಲ. ತಿಂಗಳ ಕೊನೆಯಲ್ಲಿ ಎತ್ತಿ ಬರೆಯುವುದು ಕಡತದ ಧರ್ಮ. ಒರೆಸುವುದಕ್ಕೆ ಮೊದಲು ಶಿಲ್ಕನ್ನೂ ಬಾಕಿಯನ್ನೂ ಮುಂದಕ್ಕೆ ತೆಗೆದುಕೊಳ್ಳದಿದ್ದರೆ ಲೆಕ್ಕವೇ ಹೋಯಿತು. ಚುಕ್ಕಿಯ ಹಾಳೆಯು ರಂಗೋಲಿಯ ಪುಸ್ತಕದ ಹಾಳೆ. ಅಳತೆಪಟ್ಟಿಯನ್ನಿಟ್ಟು ಸೀಸದ ಕಡ್ಡಿಯಿಂದ ಚುಕ್ಕಿಗಳನ್ನಿಡಲು ಒಂದು ಪುಟಕ್ಕೆ ಕೆಲವು ನಿಮಿಷಗಳು ಸಾಕು. ಬಣ್ಣಕ್ಕೆ ಅರಿಸಿನ ಕುಂಕುಮಗಳಿವೆ. ಹಣವಿಲ್ಲದವನ ಪುಸ್ತಕವು ಹಣವಂತನ ಪುಸ್ತಕಕ್ಕಿಂತ ಹೊರಗಿನ ಹಲಗೆಯಲ್ಲಿ ಮಾತ್ರ ಕಡಿಮೆಯೆಂಬುದನ್ನು ಕಡತವು ಹಿಂದೆಯೇ ತೋರಿಸಿದೆ.

ಆದರೆ ಒಂದು ವಿಷಯದಲ್ಲಿ ಹಿಂದಿನವರ ದಾರಿಯನ್ನು ಬಿಡುವುದೇ ಲೇಸು. ೧೯೫೬ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೂ, ೧೯೬೨ರಲ್ಲಿ ಕೇಂದ್ರ ಸರ್ಕಾರದ ವಶಕ್ಕೂ ಬಂದುವು; ಮೂರು ಸಾವಿರ ಮೀಟರಿಗಿಂತಲೂ ಆಳಕ್ಕೆ ಇಳಿದಿದ್ದ ಗಣಿಗಾರಿಕೆಯು ೨೦೦೧ರ ಫೆಬ್ರವರಿ ೨೮ರಂದು ನಿಂತುಹೋಯಿತು. ಸುಮಾರು ನೂರಿಪ್ಪತ್ತು ವರ್ಷಗಳಲ್ಲಿ ಎಷ್ಟು ಚಿನ್ನವು ಹೊರಬಂದಿತೆಂಬುದಕ್ಕೆ ಕಂಪೆನಿಯ ಪುಸ್ತಕಗಳಲ್ಲಿ ಲೆಕ್ಕವುಂಟು. ಅದು ಎಂಟುನೂರು ಟನ್ನುಗಳಷ್ಟೆಂದು ಹೇಳುವರು. ಆ ಚಿನ್ನವನ್ನು ತೆಗೆದವರ ಮನೆಗಳಲ್ಲಿ ಏನು ಉಂಡರು, ಯಾರಿಗೆ ಸಾಲವಿದ್ದರು, ಯಾವ ಹಬ್ಬಕ್ಕೆ ಎಷ್ಟು ಚುಕ್ಕಿಯ ರಂಗೋಲಿಯನ್ನು ಹಾಕಿದರು ಎಂಬುದಕ್ಕೆ ಇರುವ ಲೆಕ್ಕವು ದಬ್ಬಳದಿಂದ ಹೊಲಿದ ಆ ಪುಸ್ತಕಗಳು ಮಾತ್ರ. ಮನೆಯನ್ನು ಬದಲಾಯಿಸುವಾಗ, ಹಿರಿಯ ಹೆಂಗಸು ತೀರಿಕೊಂಡಾಗ, ಹಳೆಯ ಕಾಗದದ ವ್ಯಾಪಾರಿಯ ತಕ್ಕಡಿಗೆ ಮೊದಲು ಬೀಳುವುವೂ ಅವೇ.

ಕಡತವನ್ನು ಒರೆಸಿದವರಿಗೆ ಬಟ್ಟೆಯು ಮತ್ತೆ ಬೇಕಾಗಿದ್ದಿತು. ಅವರ ಬಡತನವೇ ಅವರಿಗೆ ಸಮಾಧಾನ. ಕಾಗದವು ಅಗ್ಗವಾಗಿರುವ ಈ ಕಾಲದ ಮನೆಗಳಿಗೆ ಆ ಕಾರಣವಿಲ್ಲ. ಬಂಗಾರಪೇಟೆಯಲ್ಲಿಯೋ ರಾಬರ್ಟ್‌ಸನ್‌ಪೇಟೆಯಲ್ಲಿಯೋ ಯಾವುದಾದರೂ ಮನೆಯ ಅಟ್ಟದ ಮೇಲೆ ಅರಿಸಿನದ ಮೂಲೆಗಳುಳ್ಳ ಅಂತಹ ಪುಸ್ತಕವು ದೊರೆತರೆ, ಅದನ್ನು ಒಮ್ಮೆ ಬಿಡಿಸಿ ಓದಿ, ಬರೆದವಳ ಹೆಸರನ್ನೂ ವರ್ಷವನ್ನೂ ಮೊದಲ ಪುಟದಲ್ಲಿ ಗುರುತು ಹಾಕಿ, ಒಣಗಿದ ಬೇವಿನ ಎಲೆಗಳೊಡನೆ ಪೆಟ್ಟಿಗೆಯಲ್ಲಿ ಇಡುವುದು ಕಷ್ಟದ ಕೆಲಸವಲ್ಲ.